ಅರ್ಧ ಸುತ್ತು ನಮ್ಮದು

ಕೋರ್ಟಿನಲ್ಲಿ ಎಲ್ಲರೂ ಅವಳನ್ನು ಪಿಸು ಎಂದೇ ಕರೆಯುತ್ತಿದ್ದರು. ಅವಳ ಮಾತು ಎದುರಿಗೆ ನಿಂತವರಿಗೆ ಮುಟ್ಟುವಷ್ಟರಲ್ಲಿ ಅರ್ಧ ಕರಗಿಹೋಗುತ್ತಿತ್ತು.

ಅವಳ ಕೆಲಸ ಸಮನ್ಸ್ ಜಾರಿ ಮಾಡುವುದು. ಯಾರೋ ಯಾರ ಮೇಲೋ ದಾವೆ ಹೂಡುತ್ತಾರೆ, ಬಂದು ಉತ್ತರ ಕೊಡಿ ಎಂದು ಕೋರ್ಟು ಕಾಗದ ಬರೆಯುತ್ತದೆ, ಆ ಕಾಗದವನ್ನು ಆ ಮನುಷ್ಯನ ಕೈಗೇ ಮುಟ್ಟಿಸಿ ಬರಬೇಕು. ಇದರಲ್ಲಿ ಆಡಬೇಕಾದ ಮಾತು ಎರಡೇ: "ಇದು ನಿಮಗೆ. ಇಲ್ಲಿ ಸಹಿ ಹಾಕಿ." ತರಗತಿಯಲ್ಲಿ ಎದ್ದು ನಿಂತು ಪಾಠ ಓದು ಅಂದರೆ ಗಂಟಲು ಕಟ್ಟಿಹೋಗುತ್ತಿದ್ದುದರಿಂದಲೇ ಶಾಲೆ ಬಿಟ್ಟವಳಿಗೆ, ಚಿಕ್ಕಮ್ಮನ ಮಗ್ಗುಲಲ್ಲಿ ಕೂತು ಅಂಗಿಗಳಿಗೆ ಗುಂಡಿ ಹೊಲಿದು ಬೆನ್ನು ಬಗ್ಗಿದ್ದವಳಿಗೆ, ಇಂಥದ್ದೊಂದು ಕೆಲಸ ಭೂಮಿಯ ಮೇಲೆ ಇದೆ ಎಂದು ತಿಳಿದಾಗ ನಂಬಿಕೆಯೇ ಬಂದಿರಲಿಲ್ಲ. ದಿನವಿಡೀ ನಡೆಯುವುದು, ಬಾಗಿಲು ತಟ್ಟುವುದು. ಬಾಗಿಲು ತೆರೆದ ಆ ಒಂದು ಗಳಿಗೆಯಲ್ಲಿ ಒಳಗಿನ ಕೋಣೆ ಇಷ್ಟಿಷ್ಟೇ ಕಾಣುತ್ತದೆ: ಒಣಗಲು ಹಾಕಿದ ಕಾಲುಚೀಲಗಳು, ಅರ್ಧ ಸಿಪ್ಪೆ ತೆಗೆದ ಆಲೂಗಡ್ಡೆ, ಕುರ್ಚಿಯ ಮೇಲೆ ಯಜಮಾನನಂತೆ ಕೂತ ಬೆಕ್ಕು. ಅಷ್ಟು ಸಾಕಿತ್ತು ಅವಳಿಗೆ. ರಾತ್ರಿ ಊಟದ ಹೊತ್ತಿಗೆ ಚಿಕ್ಕಮ್ಮನಿಗೆ ಅದನ್ನೆಲ್ಲ ಒಂದೊಂದಾಗಿ ಬಡಿಸುತ್ತಿದ್ದಳು.

ಆದರೆ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಈ ತಿಂಗಳು ದಾಟಿದರೆ ಖಾಯಂ. ಅಷ್ಟರೊಳಗೆ ಏನಾದರೂ ಎಡವಟ್ಟಾದರೆ ಮತ್ತೆ ಗುಂಡಿ, ಮತ್ತೆ ಸೂಜಿ.

ಎಡವಟ್ಟು ಕುದುರೆಯ ರೂಪದಲ್ಲಿ ಬಂತು.

ಆ ಊರಿನ ಚೌಕದ ನಡುವೆ ಎರಡು ದೇಶಗಳ ಗಡಿ ಹಾದುಹೋಗಿತ್ತು. ಗಡಿ ಎಂದರೆ ಬೇಲಿಯಲ್ಲ, ಗೋಡೆಯಲ್ಲ. ಕಲ್ಲುಹಾಸಿನಲ್ಲಿ ಸಾಲಾಗಿ ಹೊಡೆದ ದಪ್ಪ ತಲೆಯ ಹಿತ್ತಾಳೆ ಮೊಳೆಗಳು, ಅಷ್ಟೇ. ಈ ಕಡೆಯ ಬೇಕರಿಯಲ್ಲಿ ಬ್ರೆಡ್ಡು ಕೊಂಡು ಆ ಕಡೆಯ ಗಡಿಯಾರದಂಗಡಿಯ ಮೆಟ್ಟಿಲ ಮೇಲೆ ಕೂತು ತಿನ್ನುವವರನ್ನು ಯಾರೂ ತಡೆಯುತ್ತಿರಲಿಲ್ಲ. ಆ ಮೊಳೆಗಳ ಸಾಲಿನ ಮೇಲೆ ಸರಿಯಾಗಿ ಕಾಲು ಚಾಚಿ ಕೂತಿತ್ತು ಕುದುರೆ ರಾಟೆ. ದುಂಡನೆಯ ಹಲಗೆ, ಅದರ ಮೇಲೆ ಬಣ್ಣ ಬಳಿದ ಮರದ ಕುದುರೆಗಳು, ತಲೆಯ ಮೇಲೆ ಛತ್ರಿಯಂಥ ಚಾವಣಿ. ಸನ್ನೆಗೋಲು ಎಳೆದರೆ ಸಂಗೀತ ಹಾಡಿಕೊಂಡು ಗಿರಗಿರ ಸುತ್ತುತ್ತಿತ್ತು. ಅರ್ಧ ಸುತ್ತು ಈ ದೇಶದಲ್ಲಿ, ಅರ್ಧ ಸುತ್ತು ಆ ದೇಶದಲ್ಲಿ.

ರಾಟೆ ಕಟ್ಟಿದವನು ಒಬ್ಬ ಹಳೆಯ ಬಡಗಿ. ಅವನು ತೀರಿಹೋದ ಮೇಲೆ ಮಗ ನಡೆಸುತ್ತಿದ್ದ. ಅವನೂ ಬಡಗಿಯೇ, ಎಲ್ಲರಿಗೂ ರಾಟೆಯಣ್ಣ. ಮದುವೆಯಾಗಿ ಮೊಳೆಗಳ ಆಚೆ ಮನೆ ಮಾಡಿದ್ದ. ಅವನ ತಂಗಿ ಈಚೆ ಕಡೆ ಅಂಗಡಿಗಳಿಗೆ ಬೋರ್ಡು ಬರೆಯುವವಳು, ಆದ್ದರಿಂದ ಬೋರ್ಡಕ್ಕ. ರಾಟೆಯಲ್ಲೊಂದು ಬಿಳಿ ಕುದುರೆ ಇತ್ತು. ಅಪ್ಪ ಅದನ್ನು ನನಗೆಂದು ಕೆತ್ತಿದ್ದು, ಬಿಚ್ಚಿ ಕೊಡು, ಮನೆಯಲ್ಲಿಟ್ಟುಕೊಳ್ಳುತ್ತೇನೆ ಎಂದಳು ತಂಗಿ. ಕೊಡಲ್ಲ ಎಂದ ಅಣ್ಣ. ಮಾತಿಗೆ ಮಾತು ಬೆಳೆದು ಬೋರ್ಡಕ್ಕ ದಾವೆ ಹೂಡಿದಳು.

ಸಮನ್ಸ್ ಹೊರಟಿತು. ಶಿರಸ್ತೇದಾರರು ಪಿಸುವನ್ನು ಕರೆದು ಕನ್ನಡಕದ ಮೇಲಿಂದ ನೋಡಿದರು.

"ನೋಡಮ್ಮ ಪಿಸು, ನಮ್ಮ ಕೋರ್ಟಿನ ಕೈ ಆ ಮೊಳೆಗಳ ತನಕ. ಅದರಾಚೆ ನಮ್ಮ ಕಾಗದ ಕೊಡೋದು ಅಂದ್ರೆ ಇನ್ನೊಬ್ರ ಮನೆಗೆ ನುಗ್ಗಿ ಅವರ ಮಕ್ಕಳಿಗೆ ನಾವು ಗದರಿಸಿದ ಹಾಗೆ. ಎರಡು ದೇಶದ ಮಧ್ಯೆ ರಾದ್ಧಾಂತ ಆಗುತ್ತೆ."

"ಹಾಗಾದ್ರೆ ಅವರ ಸರ್ಕಾರದ ಮೂಲಕ ಕಳಿಸ್ಬಹುದಲ್ವಾ ಸಾರ್?"

"ಕಳಿಸಿದ್ವಿ. ಮುದ್ರೆ ದುಂಡಗಿದೆ, ಚೌಕ ಇರ್ಬೇಕು ಅಂತ ವಾಪಸ್ ಬಂತು. ಚೌಕ ಮಾಡಿ ಕಳಿಸಿದ್ರೆ ಇನ್ನೊಂದು ಕೊಂಕು. ಬೋರ್ಡಕ್ಕ ದಿನಾ ಬಂದು ನನ್ನ ತಲೆ ತಿಂತಿದಾಳೆ. ಅವನು ಈ ಕಡೆ ಕಾಲಿಟ್ಟಾಗ ಹಿಡ್ಕೋ. ಈ ಕಡೆ ಇದ್ದಾಗ್ಲೇ ಕೊಡ್ಬೇಕು, ತಿಳೀತಾ?"

ರಾಟೆಯಣ್ಣ ಬಲು ಚಾಲಾಕಿ. ಅವನ ವಕೀಲರು ಹೇಳಿಕೊಟ್ಟಿದ್ದರು; ಅವನು ಈ ಕಡೆಗೆ ಕಾಲಿಡುತ್ತಲೇ ಇರಲಿಲ್ಲ. ಟಿಕೆಟ್ ಗೂಡನ್ನೂ ಸನ್ನೆಗೋಲನ್ನೂ ಎತ್ತಿ ಆ ಕಡೆಗೆ ಸರಿಸಿಕೊಂಡಿದ್ದ. ಪಿಸು ಬೇಕರಿಯ ಬಾಗಿಲಲ್ಲಿ ನಿಂತು ನೋಡಿದಳು. ಬನ್ನು ತಿಂದಳು, ನೋಡಿದಳು. ಮರುದಿನವೂ ನಿಂತಳು. ಆಗ ಅವಳಿಗೆ ಹೊಳೆಯಿತು: ಟಿಕೆಟ್ ಇಸಿದುಕೊಳ್ಳಲು ಅವನು ಸುತ್ತುವ ರಾಟೆಯ ಮೇಲೆಯೇ ಕುದುರೆಯಿಂದ ಕುದುರೆಗೆ ಓಡಾಡುತ್ತಾನೆ. ಅಂದರೆ ದಿನಕ್ಕೆ ನೂರಾರು ಸಲ ಈ ದೇಶಕ್ಕೆ ಬಂದು ಹೋಗುತ್ತಿದ್ದಾನೆ, ಅವನಿಗೇ ಗೊತ್ತಿಲ್ಲ!

ಟಿಕೆಟ್ ಕೊಂಡು ಕಂದು ಕುದುರೆ ಹತ್ತಿದಳು. ಲೆಕ್ಕಾಚಾರ ಸರಳವಾಗಿತ್ತು. ಬೇಕರಿ ಎದುರಿಗೆ ಬಂದಾಗ ಕಾಗದ ಚಾಚಬೇಕು. ರಾಟೆ ಹೊರಟಿತು. ಬೇಕರಿ ಬಂತು, ಹೋಯಿತು. ಗಡಿಯಾರದಂಗಡಿ ಬಂತು, ಹೋಯಿತು. ಆಮೇಲೆ ಎರಡೂ ಒಟ್ಟಿಗೆ ಬಂದವು. ಬೇಕರಿಯ ಬ್ರೆಡ್ಡುಗಳಿಗೆಲ್ಲ ಮುಳ್ಳು ಮೂಡಿ ಹನ್ನೆರಡು ಹೊಡೆದಂತೆ ಕಂಡಿತು. ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿ ಕುದುರೆಯ ಕೊರಳು ತಬ್ಬಿಕೊಂಡಳು.

"ಟಿಕೆಟ್," ಎಂಬ ದನಿ ಕಿವಿಯ ಪಕ್ಕದಲ್ಲೇ ಕೇಳಿತು.

ಟಿಕೆಟ್ಟನ್ನೂ ಸಮನ್ಸನ್ನೂ ಒಟ್ಟಿಗೆ ಚಾಚಿದಳು. "ಇದು ನಿಮಗೆ."

ಅವನು ಎರಡನ್ನೂ ಇಸಿದುಕೊಂಡ. ಅವಳು ಕೋರ್ಟಿಗೆ ಮರಳಿ ವರದಿ ಬರೆದಳು. 'ಜಾರಿಯಾದ ಸ್ಥಳ' ಎಂಬಲ್ಲಿ ಪೆನ್ನು ನಿಂತಿತು. ಎಷ್ಟು ಯೋಚಿಸಿದರೂ ಗೊತ್ತಾಗಲಿಲ್ಲ. ಕೊನೆಗೆ ಸುಳ್ಳಿಲ್ಲದ ಮಾತೊಂದನ್ನು ಬರೆದಳು: ಕಂದು ಕುದುರೆಯ ಮೇಲೆ.

*

ವಾರದೊಳಗೆ ಆ ಕಡೆಯ ಗಡಿ ಅಧಿಕಾರಿಯಿಂದ ಪತ್ರ ಬಂತು. ತಮ್ಮ ನೆಲದ ಮೇಲೆ ಬೇರೊಂದು ದೇಶದ ಕೋರ್ಟು ತನ್ನ ಕೆಲಸ ನಡೆಸಿದೆಯೆಂದು ದೂರು ಬಂದಿದೆ. ನಿಜವಾಗಿದ್ದರೆ ಆ ನೌಕರಳ ಮೇಲೆ ಕ್ರಮ ಕೈಗೊಳ್ಳಬೇಕು, ಇಲ್ಲವಾದರೆ ತಮ್ಮ ಮೇಲಿನವರಿಗೆ ಬರೆಯಬೇಕಾಗುತ್ತದೆ. ಶಿರಸ್ತೇದಾರರು ಅದನ್ನು ಓದಿ ಪಿಸುವಿನ ಮುಖ ನೋಡಿದರು, ಮತ್ತೆ ಪತ್ರ ನೋಡಿದರು.

"ಕಂದು ಕುದುರೆಯ ಮೇಲೆ ಅಂತೆ! ಅಲ್ಲಮ್ಮ, ಕುದುರೆ ಯಾವ ದೇಶದಲ್ಲಿತ್ತು? ಆ ಕಡೆ ಇತ್ತು ಅಂತಾದ್ರೆ ನಿನ್ನ ಕೆಲಸ ಹೋಯ್ತು ಅಂತಾನೇ ತಿಳ್ಕೋ. ನನ್ನ ಕೈಯಲ್ಲಿ ಏನೂ ಇಲ್ಲ."

ದಾವೆ ಕೂಗಿದ ದಿನ ರಾಟೆಯಣ್ಣನ ವಕೀಲರು ಎದ್ದರು. ಕೋರ್ಟಿಗೆಂದು ಬಂದವನಿಗೆ ಅಲ್ಲಿ ಹೊಸ ಸಮನ್ಸ್ ಕೊಡುವಂತಿಲ್ಲ ಎಂಬ ನಿಯಮದ ಧೈರ್ಯದಲ್ಲಿ ರಾಟೆಯಣ್ಣ ಪಕ್ಕದಲ್ಲೇ ತುಟಿ ಬಿಗಿದು ಕೂತಿದ್ದ. ವಕೀಲರು ಅವನ ಅಂಗಿಯ ತೋಳು ಹಿಡಿದುಕೊಂಡೇ ಮಾತಾಡಿದರು.

"ಮೇಡಂ, ನಾವು ಬಂದಿರೋದು ಒಂದೇ ತಕರಾರಿಗೆ. ಸಮನ್ಸ್ ಕೊಟ್ಟಿದ್ದು ಆಚೆ ದೇಶದಲ್ಲಿ, ಹಾಗಾಗಿ ಈ ಕೋರ್ಟಿಗೆ ನಮ್ಮ ಕಕ್ಷಿದಾರರ ಮೇಲೆ ಅಧಿಕಾರ ಇಲ್ಲ. ಕುದುರೆ ಯಾರದು ಅನ್ನೋ ವಿಷಯಕ್ಕೆ ನಾವು ಬಾಯೇ ಹಾಕಲ್ಲ."

"ಹಾಕಿದ್ರೆ ನೀವು ನನ್ನ ಕೋರ್ಟನ್ನ ಒಪ್ಪಿಕೊಂಡ ಹಾಗಾಗುತ್ತೆ," ಎಂದರು ನ್ಯಾಯಾಧೀಶೆ. ಅವರು ದುಂಡು ಮುಖದ, ನಗು ಬಂದಾಗ ಕೆಮ್ಮಿದಂತೆ ನಟಿಸುವ ಹೆಂಗಸು. "ಆಗ ಸಮನ್ಸ್ ಎಲ್ಲಿ ಕೊಟ್ರು ಅನ್ನೋದು ನನಗೆ ಬೇಡವೇ ಬೇಡ. ದಾವೆ ಮುಂದೆ ಹೋಗುತ್ತೆ."

"ಅದಕ್ಕೇ ಮೇಡಂ, ಬಾಯಿಗೆ ಬೀಗ."

"ನಾಲಿಗೆ ಇದ್ರೆ ತಾನೇ ಬೀಗ," ಎಂದಳು ಬೋರ್ಡಕ್ಕ ಹಿಂದಿನ ಬೆಂಚಿನಿಂದ. ರಾಟೆಯಣ್ಣ ಸರ್ರನೆ ತಿರುಗಿದ. ವಕೀಲರು ತೋಳು ಜಗ್ಗಿದರು.

ನ್ಯಾಯಾಧೀಶೆ ಪಿಸುವನ್ನು ಕಟಕಟೆಗೆ ಕರೆದರು.

"ಕಾಗದ ಕೊಡುವಾಗ ನಿನ್ನ ಕುದುರೆ ಎಲ್ಲಿತ್ತಮ್ಮ?"

ಹೂಂ ಅಂದುಬಿಡು, ಈ ಕಡೆ ಅಂದುಬಿಡು ಎಂದು ಶಿರಸ್ತೇದಾರರ ಹುಬ್ಬುಗಳು ಕುಣಿದವು. ಪಿಸುವಿಗೆ ಗುಂಡಿಗಳ ಡಬ್ಬ ಕಣ್ಣಮುಂದೆ ಬಂತು.

"ಗೊತ್ತಿಲ್ಲ ಮೇಡಂ."

"ಅಂದ್ರೆ?"

"ಕಣ್ಣು ಮುಚ್ಕೊಂಡಿದ್ದೆ."

"ಯಾಕಮ್ಮ?"

"ತಲೆ ತಿರುಗ್ತಿತ್ತು, ಮೇಡಂ."

ಕೋರ್ಟಿಗೆ ಕೋರ್ಟೇ ನಕ್ಕಿತು. ನ್ಯಾಯಾಧೀಶೆಗೆ ಜೋರು ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಅವರು ಹೇಳಿದರು: ಬಾಯಿ ಮಾತಿನಲ್ಲಿ ಇದು ಬಗೆಹರಿಯುವುದಿಲ್ಲ. ಅವತ್ತು ಹೇಗೆ ನಡೆಯಿತೋ ಹಾಗೆಯೇ ಇನ್ನೊಮ್ಮೆ ನಡೆಸಿ ನೋಡೋಣ. ರಾಟೆಯಣ್ಣ ಅದೇ ರೀತಿ ಟಿಕೆಟ್ ಇಸಿದುಕೊಂಡು ಬರಲಿ, ಕಂದು ಕುದುರೆ ತಲುಪುವಾಗ ಅದು ಯಾವ ಕಡೆ ಇರುತ್ತದೋ ಕಣ್ಣಾರೆ ಕಾಣುತ್ತದೆ.

ಆದರೆ ಕಾಣಬೇಕಾದರೆ ನ್ಯಾಯಾಧೀಶೆಯೇ ಸುತ್ತಬೇಕು. ಸುತ್ತಿದರೆ ಅರ್ಧ ಸುತ್ತು ಪರದೇಶ. ಗಡಿ ಅಧಿಕಾರಿಯ ಅನುಮತಿ ಬೇಡಿ ಪತ್ರ ಹೋಯಿತು. ಆತ ಒಪ್ಪಿ ಒಂದು ಷರತ್ತು ಹಾಕಿದ: ಮೊಳೆ ದಾಟಿದ ಮೇಲೆ ಪ್ರಶ್ನೆ ಇಲ್ಲ, ಆಜ್ಞೆ ಇಲ್ಲ, ಬರವಣಿಗೆ ಇಲ್ಲ, ಅಲ್ಲಿ ನ್ಯಾಯಾಧೀಶೆ ಬರೀ ಪ್ರಯಾಣಿಕರು. ಷರತ್ತು ಪಾಲನೆಯಾಗುತ್ತದೋ ಇಲ್ಲವೋ ನೋಡಲು ತಾನೂ ಬರುತ್ತೇನೆ ಎಂದೂ ಬರೆದ.

*

ಗೊತ್ತುಪಡಿಸಿದ ದಿನ ಬೆಳಿಗ್ಗೆ ಚೌಕದ ತುಂಬ ಬಿಸಿಲು. ಬೇಕರಿಯವನು ಒಲೆಯನ್ನೂ ಬಿಟ್ಟು ಹೊರಗೆ ಬಂದಿದ್ದ. ಬೋರ್ಡಕ್ಕ ಎಲ್ಲರಿಗಿಂತ ಮೊದಲೇ ಬಂದು ಬಿಳಿ ಕುದುರೆ ಏರಿ ಕೂತುಬಿಟ್ಟಿದ್ದಳು. ನ್ಯಾಯಾಧೀಶೆ ಕಪ್ಪು ಕೋಟನ್ನು ಒಟ್ಟುಮಾಡಿಕೊಂಡು ಚುಕ್ಕೆ ಕುದುರೆಯ ಮೇಲೆ ಒಂದೇ ಪಕ್ಕಕ್ಕೆ ಕಾಲು ಹಾಕಿ ಕೂತರು. ಗಡಿ ಅಧಿಕಾರಿ, ಮೀಸೆ ಬಿಟ್ಟ ದೊಡ್ಡ ಆಸಾಮಿ, ಅವರ ಪಕ್ಕದ ನೀಲಿ ಕುದುರೆಯನ್ನು ಹತ್ತಿದಾಗ ಅದು ಕಿರ್ರೆಂದಿತು. ಉಳಿದದ್ದು ಎದುರು ಬದಿಯ ಕುದುರೆ. ಅದರ ಮೇಲೆ ಕೋರ್ಟಿನ ಬೆರಳಚ್ಚುಗಾರ, ಕೈಯಲ್ಲಿ ಹಲಗೆ, ಕಾಗದ, ಪೆನ್ಸಿಲ್ಲು. ಕುದುರೆ ಹತ್ತಲಾಗದ ವಕೀಲರು ಮಕ್ಕಳನ್ನು ಕೂರಿಸುವ ಹಂಸದ ಬೆಂಚಿನಲ್ಲಿ ಮಂಡಿ ಗದ್ದಕ್ಕೆ ತಾಗುವಂತೆ ಕೂತರು. ಪಿಸು ಅದೇ ಕಂದು ಕುದುರೆಯ ಮೇಲೆ. ಶಿರಸ್ತೇದಾರರು ನ್ಯಾಯಾಧೀಶೆಯ ಕೈಚೀಲ ಹಿಡಿದು ಬೇಕರಿಯ ಮುಂದೆ ನಿಂತರು.

ರಾಟೆಯಣ್ಣ ಸನ್ನೆಗೋಲು ಎಳೆದು ಹಲಗೆಯ ಮೇಲೆ ಹಾರಿದ. ಸಂಗೀತ ಶುರುವಾಯಿತು.

"ಬರ್ಕೊಳ್ಳಿ," ಎಂದರು ನ್ಯಾಯಾಧೀಶೆ. "ರಾಟೆ ಹೊರಟಿತು. ಪ್ರತಿವಾದಿ ಮೊದಲ ಕುದುರೆಯ ಹತ್ತಿರ—"

"ಮೊಳೆ!" ಎಂದ ಅಧಿಕಾರಿ.

ನ್ಯಾಯಾಧೀಶೆ ತಟ್ಟನೆ ಬಾಯಿ ಮುಚ್ಚಿದರು. ಕೈ ಕಟ್ಟಿಕೊಂಡು ಆಕಾಶ ನೋಡಿದರು. "ನಿಮ್ಮ ಕಡೆ ಗಾಳಿ ಚೆನ್ನಾಗಿದೆ," ಎಂದರು.

"ಸಂಜೆ ಇನ್ನೂ ಚೆನ್ನಾಗಿರುತ್ತೆ ಮೇಡಂ."

ಮೊಳೆಗಳು ಮತ್ತೆ ಬಂದವು. "ಬರ್ಕೊಂಡ್ರೇನ್ರೀ?"

"ಇಲ್ಲ ಮೇಡಂ!" ಎಂದು ಎದುರು ಬದಿಯಿಂದ ಬೆರಳಚ್ಚುಗಾರ ಕೂಗಿದ. "ನೀವು ಆ ಕಡೆ ಇದ್ದಾಗ ನಾನು ಈ ಕಡೆ. ಈಗ ನೀವು ಆ ಕಡೆ... ಅಲ್ಲ, ನಾನು ಈಗ... ನಾನು ಬರೆಯೋ ಹಾಗಿಲ್ಲ ಮೇಡಂ!"

ನಿಜವೇ. ಹೇಳುವವರು ಸ್ವದೇಶದಲ್ಲಿದ್ದಾಗ ಬರೆಯುವವನು ಪರದೇಶದಲ್ಲಿ, ಬರೆಯುವವನು ಸ್ವದೇಶಕ್ಕೆ ಬರುವಷ್ಟರಲ್ಲಿ ಹೇಳುವವರು ಪ್ರಯಾಣಿಕರು. ಹೀಗೆಯೇ ಸುತ್ತಿದರೆ ಜನ್ಮವಿಡೀ ಒಂದು ಸಾಲೂ ಕಾಗದಕ್ಕೆ ಇಳಿಯುವಂತಿರಲಿಲ್ಲ.

"ಈ ಕಡೆ ಬನ್ರೀ, ನನ್ನ ಪಕ್ಕಕ್ಕೆ!"

ಬೆರಳಚ್ಚುಗಾರ ಕುದುರೆಗಳ ಬಾಲ ಹಿಡಿದುಕೊಂಡು, ಹಡಗಿನಲ್ಲಿ ನಡೆದಂತೆ ವಾಲುತ್ತ ಬಂದ. ದಾರಿಯಲ್ಲಿ ವಕೀಲರ ಮಡಿಲಲ್ಲಿ ಒಮ್ಮೆ ಕೂತೆದ್ದ. ಚೌಕದಲ್ಲಿದ್ದವರು ಚಪ್ಪಾಳೆ ತಟ್ಟಿದರು.

ಪಿಸು ನಗಲಿಲ್ಲ. ರಾಟೆಯಣ್ಣ ಒಂದೊಂದೇ ಕುದುರೆ ದಾಟಿ ಅವಳತ್ತ ಬರುತ್ತಿದ್ದ. ಬೇಕರಿ ಎದುರಿಗಿತ್ತು, ಈಗ ತಲುಪಿದರೆ ಉಳಿದಳು. ಆದರೆ ಅವನು ಬೇಕೆಂದೇ ಕಾಲು ಎಳೆದ. ಬೇಕರಿ ಜಾರಿಹೋಯಿತು. ಮೊಳೆಗಳು ಜಾರಿದವು. ಗಡಿಯಾರದಂಗಡಿಯ ಬೋರ್ಡು ಹೊರಳಿಬಂತು. ಇನ್ನು ಎರಡೇ ಹೆಜ್ಜೆ. ನಡುವೆ ಬಿಳಿ ಕುದುರೆ ಮಾತ್ರ.

ಬೋರ್ಡಕ್ಕ ಅದರ ಕಿವಿ ಸವರುತ್ತಿದ್ದಳು. "ನೋಡಮ್ಮ ಪಿಸು," ಎಂದಳು ಅಣ್ಣನಿಗೆ ಕೇಳುವಂತೆ. "ಈ ಕಿವಿ ನೋಡು. ಅಪ್ಪನ ಕೈ ಅಂದ್ರೆ ಇದು. ನಮ್ಮಣ್ಣನೂ ಕೆತ್ತುತಾನೆ, ಪಾಪ. ಅವನು ಕೆತ್ತಿದ ಕುದುರೆಗೆ ಸೊಪ್ಪು ಹಾಕಿದ್ರೆ ಮ್ಯಾ ಅನ್ನುತ್ತೆ."

ರಾಟೆಯಣ್ಣ ನಿಂತುಬಿಟ್ಟ. ಕತ್ತಿನ ನರ ಉಬ್ಬಿತು.

"ಬೇಡಪ್ಪಾ!" ಎಂದು ವಕೀಲರು ಹಂಸದಿಂದ ಏಳಲು ಹೋಗಿ ಮತ್ತೆ ಹಂಸದಲ್ಲೇ ಬಿದ್ದರು.

"ಆ ಕಿವಿ ನಾನು ಕೆತ್ತಿದ್ದು ಕಣೇ!" ಎಂದ ರಾಟೆಯಣ್ಣ. "ಅಪ್ಪ ಮಾಡಿದ್ದ ಕಿವಿನ ನೀನೇ ಜೋತಾಡಿ ಮುರಿದೆ! ಹೊಸ ಕಿವಿ ಕೆತ್ತಿ ಕೂರಿಸಿದವನು ನಾನು! ಅಪ್ಪ ಈ ಕುದುರೆನ ನಿನಗಂತ ಮಾಡಿದ್ರೆ ಅದರ ಹೊಟ್ಟೆ ಕೆಳಗೆ ನನ್ನ ಹೆಸರು ಯಾಕೆ ಕೆತ್ತಿದ್ರು? ಬಗ್ಗಿ ನೋಡೇ ಕೋತಿ!"

"ಅದು ನೀನೇ ಕದ್ದು ಕೆತ್ಕೊಂಡಿದ್ದು! ಅಕ್ಷರ ಸೊಟ್ಟಗಿದೆ! ಅಕ್ಷರ ನನಗೆ ಗೊತ್ತಿಲ್ವಾ?"

ನ್ಯಾಯಾಧೀಶೆ ಚುಕ್ಕೆ ಕುದುರೆಯ ಕಾಲಿಡುವ ರಿಕಾಪಿನ ಮೇಲೆ ಎದ್ದು ನಿಂತರು. ಮುಖ ಅರಳಿತ್ತು. "ಬರ್ಕೊಳ್ಳಿ, ಬರ್ಕೊಳ್ಳಿ! ಪ್ರತಿವಾದಿ ಕುದುರೆಯ ಒಡೆತನದ ಮೇಲೇ ವಾದ ಹೂಡಿದಾರೆ! ಈ ಕೋರ್ಟನ್ನ ಒಪ್ಪಿಕೊಂಡಿದಾರೆ! ತಕರಾರು ವಜಾ!"

ಬೆರಳಚ್ಚುಗಾರನ ಪೆನ್ಸಿಲ್ಲು ಓಡಿತು.

"ಮೇಡಂ," ಎಂದ ಗಡಿ ಅಧಿಕಾರಿ ಮೆಲ್ಲಗೆ. "ಸ್ವಲ್ಪ ಎದುರಿಗೆ ನೋಡಿ."

ಎದುರಿಗೆ ಗಡಿಯಾರದಂಗಡಿ. ಅದರ ಗೋಡೆ ಗಡಿಯಾರಗಳೆಲ್ಲ ನ್ಯಾಯಾಧೀಶೆಯನ್ನೇ ನೋಡುತ್ತಿದ್ದವು.

ನ್ಯಾಯಾಧೀಶೆಯ ಬಾಯಿ ತೆರೆದೇ ಉಳಿಯಿತು. ಕಿವಿಯ ತುದಿ ಕೆಂಪಾಯಿತು. ಒಂದು ದೇಶದ ನ್ಯಾಯಾಧೀಶೆ ಇನ್ನೊಂದು ದೇಶದ ನೆಲದಲ್ಲಿ, ಕುದುರೆಯ ಮೇಲೆ ನಿಂತು, ಸಂಗೀತದ ಜೊತೆಗೆ ಆದೇಶ ಹೊರಡಿಸಿದ್ದರು.

ಪಿಸುವಿಗೆ ಆ ಮುಖ ಕಂಡಿತು. ಶಿರಸ್ತೇದಾರರ ಮುಂದೆ ನಿಂತಿದ್ದಾಗ ತನ್ನ ಮುಖವೂ ಹೀಗೇ ಇದ್ದಿರಬೇಕು ಎನಿಸಿತು. ಎಲ್ಲಿತ್ತೋ ನಗು, ಹೊಟ್ಟೆಯ ಅಡಿಯಿಂದ ಉಕ್ಕಿ ಬಂತು. ತಡೆದಳು, ತಡೆಯಲಾಗಲಿಲ್ಲ. ಅವಳು ನಕ್ಕದ್ದನ್ನು ಕಂಡು ಬೋರ್ಡಕ್ಕ ನಕ್ಕಳು, ಬೆರಳಚ್ಚುಗಾರ ನಕ್ಕ, ನ್ಯಾಯಾಧೀಶೆ ಕೆಮ್ಮಲು ಹೋಗಿ ಸೋತು ನಕ್ಕೇಬಿಟ್ಟರು.

"ನಗೋ ವಿಷಯ ಅಲ್ಲ," ಎಂದ ಅಧಿಕಾರಿ, ಮೀಸೆ ಅದುರುತ್ತಿದ್ದರೂ. "ಆ ಹುಡುಗಿ ಕೊಟ್ಟಿದ್ದು ಒಂದು ಕಾಗದ. ನೀವು ಕೊಟ್ಟಿದ್ದು ಆದೇಶ. ಅವಳ ಮೇಲೆ ಬರೆದ್ರೆ ನಿಮ್ಮ ಮೇಲೂ ಬರೀಬೇಕಾಗುತ್ತೆ."

"ಬರೀರಿ," ಎಂದರು ನ್ಯಾಯಾಧೀಶೆ ಕಣ್ಣು ಒರೆಸಿಕೊಳ್ಳುತ್ತ. "ನನ್ನ ಹೆಸರು ಮೊದಲು ಹಾಕಿ. ಅವಳದು ಆಮೇಲೆ."

ಅಧಿಕಾರಿ ಯೋಚಿಸಿದ. ಯೋಚಿಸಿದಷ್ಟೂ ಮುಖ ಪೆಚ್ಚಾಯಿತು. "ಬರೀಬಹುದು. ಆದ್ರೆ ನೀನೆಲ್ಲಿದ್ದೆ ಅಂತ ನಮ್ಮ ಮೇಲಿನವರು ಕೇಳ್ತಾರೆ."

"ಎಲ್ಲಿದ್ರಿ ಅಂತೀರಾ?"

"ನೀಲಿ ಕುದುರೆ ಮೇಲೆ ಇದ್ದೆ ಅಂತ ಬರೀಲಾ ಮೇಡಂ? ಇಪ್ಪತ್ತು ವರ್ಷದ ಸರ್ವೀಸು ನಂದು!" ಅವನೂ ಸೋತ; ಭುಜ ಕುಲುಕಿಸಿ ನಕ್ಕ. "ಬಿಡಿ. ನಾನೇನೂ ಕೇಳಿಸಿಕೊಂಡಿಲ್ಲ. ಆ ಹುಡುಗಿ ದೂರನ್ನೂ ಇವತ್ತೇ ಮುಚ್ಚಿ ಹಾಕ್ತೀನಿ. ನೀವೂ ಈಗ ಬರೆದಿದ್ದನ್ನ ಹೊಡೆದು ಹಾಕ್ಸಿ."

"ಹೊಡೀರಿ," ಎಂದರು ನ್ಯಾಯಾಧೀಶೆ. ಬೆರಳಚ್ಚುಗಾರ ಸಾಲಿನ ಮೇಲೆ ಗೀಟು ಎಳೆದ. ಹಂಸದಲ್ಲಿದ್ದ ವಕೀಲರ ಮುಖಕ್ಕೆ ಜೀವ ಬಂತು. ಬರೆದದ್ದು ಹೋದರೆ ಕಕ್ಷಿದಾರ ಬಾಯಿ ಬಿಟ್ಟದ್ದೂ ಹೋದಂತೆ!

ಆದರೆ ಕಕ್ಷಿದಾರ ಬಾಯಿ ಮುಚ್ಚಿದರೆ ತಾನೇ? ಅಣ್ಣತಂಗಿ ಜಗಳ ಇವರ ನಗುವಿಗೂ ನಿಂತಿರಲಿಲ್ಲ, ಮೊಳೆಗಳಿಗೂ ನಿಲ್ಲಲಿಲ್ಲ. ಬೇಕರಿಯ ಎದುರಿಗೆ ಬರುವಷ್ಟರಲ್ಲಿ ರಾಟೆಯಣ್ಣ ಬಿಳಿ ಕುದುರೆಯ ಕೊರಳು ಎರಡೂ ಕೈಯಲ್ಲಿ ತಬ್ಬಿ, ಚೌಕಕ್ಕೆಲ್ಲ ಕೇಳುವಂತೆ ಅರಚುತ್ತಿದ್ದ: "ಇದು ನನ್ನ ಕುದುರೆ! ಕಿವಿ ನಂದು, ಹೆಸರು ನಂದು, ಕುದುರೆ ನಂದು!"

ನ್ಯಾಯಾಧೀಶೆ ಈ ಸಲ ಮೊದಲು ನೆಲ ನೋಡಿದರು, ಆಮೇಲೆ ಬೇಕರಿ ನೋಡಿದರು, ಆಮೇಲೆ ಅಧಿಕಾರಿಯನ್ನು ನೋಡಿದರು. ಅವನು ತಲೆಯಾಡಿಸಿದ.

"ಈಗ ಬರ್ಕೊಳ್ಳಿ. ಪ್ರತಿವಾದಿ ದಾವೆಯ ವಿಷಯದ ಮೇಲೆ ವಾದ ಮಾಡಿದಾರೆ, ಕೋರ್ಟನ್ನ ಒಪ್ಪಿಕೊಂಡಿದಾರೆ. ಸಮನ್ಸ್ ಎಲ್ಲಿ ಜಾರಿ ಆಯ್ತು ಅನ್ನೋ ಪ್ರಶ್ನೆ ಇನ್ನು ಉಳಿದಿಲ್ಲ."

ವಕೀಲರು ಹಂಸದ ಕೊರಳಿಗೆ ಹಣೆ ಹಚ್ಚಿದರು.

ರಾಟೆ ಶಿರಸ್ತೇದಾರರ ಮುಂದೆ ಹಾದುಹೋಗುತ್ತಿತ್ತು. ಪ್ರತಿ ಸುತ್ತಿಗೂ ಏನಾಯ್ತು ಏನಾಯ್ತು ಎಂದು ಕೇಳಿ ಕೇಳಿ ಅವರ ದನಿ ಬಿದ್ದುಹೋಗಿತ್ತು. ನ್ಯಾಯಾಧೀಶೆ ಅವರತ್ತ ಬಾಗಿದರು.

"ಶಿರಸ್ತೇದಾರ್ರೇ, ಆ ಹುಡುಗಿ ಮೇಲಿನ ದೂರು ಇನ್ನಿಲ್ಲ. ಅವಳನ್ನ ಇವತ್ತಿಂದಲೇ—"

"ಮೊಳೆ!" ಎಂದ ಅಧಿಕಾರಿ.

ನ್ಯಾಯಾಧೀಶೆ ಬಾಯಿ ಮುಚ್ಚಿದರು.

ಇವತ್ತಿಂದಲೇ ಏನು? ಪಿಸು ಕಂದು ಕುದುರೆಯ ಮೇಲೆ ಹೊರಳಿ ಅವರನ್ನು ನೋಡಿದಳು. ದೂರು ಇಲ್ಲ ಅಂದರು, ಸರಿ. ಆದರೆ ಕೋರ್ಟಿಗೆ ಇಷ್ಟೆಲ್ಲ ಸುತ್ತು ಹೊಡೆಸಿದವಳನ್ನು ಇವತ್ತಿಂದಲೇ ಏನು ಮಾಡುತ್ತಾರೆ? ಮನೆಗಾ? ಬಾಯಿ ಬಿಟ್ಟು ಹೇಳಬಾರದೇ? ಹೇಳುವ ಹಾಗಿಲ್ಲ. ನ್ಯಾಯಾಧೀಶೆ ಮಡಿಲಲ್ಲಿ ಕೈ ಜೋಡಿಸಿ, ಒಳ್ಳೆಯ ಪ್ರಯಾಣಿಕರಂತೆ, ಗಡಿಯಾರದಂಗಡಿಯನ್ನು ನೋಡುತ್ತ ಕೂತಿದ್ದರು. ಇಡೀ ಪರದೇಶ ಹೀಗೆ ನಿಧಾನವಾಗಿ ಸುತ್ತಿ ಹೋಗಬೇಕಾಯಿತು. ಅಂಗಡಿ ಹೋಯಿತು. ಟಿಕೆಟ್ ಗೂಡು ಹೋಯಿತು. ಯಾರದೋ ನಾಯಿ ಹೋಯಿತು. ಮೊಳೆಗಳು ಬಂದವು.

"—ಖಾಯಂ ಮಾಡಿ!" ಎಂದರು ನ್ಯಾಯಾಧೀಶೆ.

ಪಿಸುವಿಗೆ ಕುದುರೆ ನಿಜವಾಗಿ ನೆಗೆದಂತಾಯಿತು. ಶಿರಸ್ತೇದಾರರು ಕೈಚೀಲ ಎದೆಗವಚಿಕೊಂಡು ರಾಟೆಯ ಪಕ್ಕದಲ್ಲೇ ಓಡತೊಡಗಿದರು. "ಖಾಯಮ್ಮಾ ಮೇಡಂ? ಆದೇಶ ಇವತ್ತಿನ ತಾರೀಖಿಗೇ ಹಾಕ್ಲಾ? ತಿಂಗಳ ಕೊನೆಗೆ ಹಾಕ್ಲಾ?" ಓಡಿ ಓಡಿ ಮೊಳೆಗಳ ಹತ್ತಿರ ಬಂದವರು ಕಾಲಿಗೆ ಹಗ್ಗ ಕಟ್ಟಿದಂತೆ ನಿಂತರು. ರಾಟೆ ನ್ಯಾಯಾಧೀಶೆಯನ್ನು ಹೊತ್ತು ಆಚೆ ಹೋಯಿತು. ಅವರು ಅಲ್ಲಿಂದಲೇ ಒಂದು ಬೆರಳೆತ್ತಿ, ತಾಳಿ, ಬಂದೆ, ಎಂದು ಸನ್ನೆ ಮಾಡಿದರು.

ರಾಟೆಯಣ್ಣ ಬಿಳಿ ಕುದುರೆಯ ಕೊರಳು ಬಿಡಲೊಲ್ಲ, ಬೋರ್ಡಕ್ಕ ಅದರ ಬೆನ್ನು ಬಿಡಲೊಲ್ಲಳು. ರಾಟೆ ನಿಲ್ಲಿಸುವ ಸನ್ನೆಗೋಲು ನೆಲದ ಮೇಲೆ, ಆ ದೇಶದಲ್ಲಿ, ಒಂಟಿಯಾಗಿ ನಿಂತಿತ್ತು. ಅದರ ಹತ್ತಿರ ಯಾರೂ ಇರಲಿಲ್ಲ. ಸಂಗೀತ ಮೊದಲಿಂದ ಶುರುವಾಯಿತು. ಪಿಸುವಿಗೆ ಮಾತ್ರ ಇಳಿಯುವ ಅವಸರವೇ ಇರಲಿಲ್ಲ.